ಸಿಎ ಫೈನಲ್ ಆಡಿಟ್: ಕೋಚಿಂಗ್, ರೆಕಾರ್ಡಿಂಗ್, ಮನೆ ಓದು – ಕರಾವಳಿಯವರಿಗೆ ಯಾವುದು ಸರಿ?

ಸಿಎ ಫೈನಲ್‌ನ ಫೈನಾನ್ಷಿಯಲ್ ರಿಪೋರ್ಟಿಂಗ್ ಪೇಪರ್‌ಗೆ ಕ್ಲಾಸ್ ಬೇಕಾ ಅಂತ ಯಾರೂ ಕೇಳುವುದಿಲ್ಲ. ಅಡ್ವಾನ್ಸ್‌ಡ್ ಫೈನಾನ್ಷಿಯಲ್ ಮ್ಯಾನೇಜ್‌ಮೆಂಟ್‌ಗೂ ಕೇಳುವುದಿಲ್ಲ. ಆಡಿಟ್ ವಿಷಯ ಬಂದಾಗ ಮಾತ್ರ ಮಂಗಳೂರು, ಉಡುಪಿಯ ಮಕ್ಕಳು ತಡವರಿಸುತ್ತಾರೆ. ಒಬ್ಬರು "ಥಿಯರಿ ಅಲ್ವಾ, ಓದಿಕೊಂಡರೆ ಆಯ್ತು" ಅನ್ನುತ್ತಾರೆ. ಇನ್ನೊಬ್ಬರು ಗೆಳೆಯ ತಗೊಂಡ ಅಂತ ದುಡ್ಡು ಕೊಟ್ಟು ರೆಕಾರ್ಡೆಡ್ ಕ್ಲಾಸ್ ತರಿಸಿಕೊಂಡು, ಅರ್ಧ ನೋಡಿ ಬಿಡುತ್ತಾರೆ. ಫಲಿತಾಂಶ ಬಂದಾಗ ಲೆಕ್ಕದ ಪೇಪರ್‌ಗಳಲ್ಲಿ 55, 58 ಇರುತ್ತದೆ, ಆಡಿಟ್‌ನಲ್ಲಿ 36.

ಮೊದಲು ಪೇಪರ್ ಏನು ಅಂತ ನೋಡಿ. 2024ರ ಮೇ ಪರೀಕ್ಷೆಯಿಂದ ಹೊಸ ಪಠ್ಯಕ್ರಮ ಜಾರಿಯಲ್ಲಿದೆ. ಎರಡು ಗ್ರೂಪ್, ಒಟ್ಟು ಆರು ಪೇಪರ್. ಮೊದಲ ಗ್ರೂಪಿನ ಮೂರನೆಯದು 'ಅಡ್ವಾನ್ಸ್‌ಡ್ ಆಡಿಟಿಂಗ್, ಅಶ್ಯೂರೆನ್ಸ್ ಆ್ಯಂಡ್ ಪ್ರೊಫೆಷನಲ್ ಎಥಿಕ್ಸ್'. 3 ಗಂಟೆ, 100 ಅಂಕ. 30 ಅಂಕಕ್ಕೆ ಬಹು ಆಯ್ಕೆಯ ಪ್ರಶ್ನೆಗಳು, 70 ಅಂಕಕ್ಕೆ ಬರವಣಿಗೆ. ನೆಗೆಟಿವ್ ಅಂಕ ಇಲ್ಲ. ಪ್ರತಿ ಪೇಪರ್‌ನಲ್ಲಿ 40 ಬರಬೇಕು, ಗ್ರೂಪಿನಲ್ಲಿ ಒಟ್ಟು ಶೇ. 50 ಬರಬೇಕು. ಅಂದರೆ ಆಡಿಟ್‌ನಲ್ಲಿ 40 ಬಂದು ಬಚಾವಾದರೂ ಉಳಿದ ಎರಡು ಪೇಪರ್ ಸೇರಿ 110 ತರಬೇಕು. ಆಡಿಟ್‌ನಲ್ಲಿ 60 ಬಂದರೆ ಅಲ್ಲಿ 90 ಸಾಕು. ಆ 60ಕ್ಕೆ ಇನ್ನೊಂದು ಲಾಭವೂ ಇದೆ. ಗ್ರೂಪ್ ಹೋದರೂ ಆ ಪೇಪರ್‌ಗೆ ಮುಂದಿನ ಮೂರು ಪರೀಕ್ಷೆಗಳವರೆಗೆ ಎಕ್ಸೆಂಪ್ಷನ್ ಸಿಗುತ್ತದೆ, ಅಂದರೆ ಅದನ್ನು ಮತ್ತೆ ಬರೆಯಬೇಕಿಲ್ಲ.

ಆದ್ದರಿಂದ ದಾರಿ ಆರಿಸುವಾಗ ನಾನು ನೋಡುವುದು ಒಂದೇ ವಿಷಯ: ಆ ದಾರಿ ನಿಮ್ಮ ಕೈಯಲ್ಲಿ ಎಷ್ಟು ಉತ್ತರ ಬರೆಸುತ್ತದೆ? ಎಷ್ಟು ಗಂಟೆ ಕೇಳಿಸುತ್ತದೆ ಅನ್ನುವುದಲ್ಲ. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿದವನಿಗೆ ಭಾಗವತರ ಪದ್ಯ ಬಾಯಿಗೆ ಬಂದೀತು, ಹೆಜ್ಜೆ ಬರುವುದಿಲ್ಲ.

ರೆಕಾರ್ಡೆಡ್ ಕ್ಲಾಸ್

ನಮ್ಮ ಕಡೆ ಜಾಸ್ತಿ ಜನ ಹಿಡಿಯುವ ದಾರಿ ಇದು. ಕಾರಣವೂ ಇದೆ. ಫೌಂಡೇಶನ್, ಇಂಟರ್‌ಮೀಡಿಯೆಟ್‌ಗೆ ಮಂಗಳೂರು, ಉಡುಪಿಯಲ್ಲಿ ಕೋಚಿಂಗ್ ಸಲೀಸಾಗಿ ಸಿಗುತ್ತದೆ. ಫೈನಲ್‌ಗೆ ಬಂದಾಗ ಆಯ್ಕೆ ಕಡಿಮೆ. ಹಾಗಾಗಿ ಪುಣೆಯಲ್ಲೋ ದೆಹಲಿಯಲ್ಲೋ ಕೂತ ಮೇಷ್ಟ್ರ ಪಾಠ ಕುಂದಾಪುರದ ಮನೆಗೆ ಬರುತ್ತದೆ. ಬೇಕಾದಾಗ ನಿಲ್ಲಿಸಬಹುದು, ಅರ್ಥವಾಗದ್ದನ್ನು ಇನ್ನೊಮ್ಮೆ ಕೇಳಬಹುದು. ಕೆಲಸಕ್ಕೆ ಹೋಗುವವರಿಗೆ ಇದನ್ನು ಬಿಟ್ಟರೆ ಬೇರೆ ದಾರಿ ಕಷ್ಟ.

ದುಡ್ಡು ಕೊಡುವ ಮುಂಚೆ ಕೆಲವು ವಿಷಯ ಕೇಳಿ. ಎಷ್ಟು ಸಲ ನೋಡಬಹುದು? ಎಷ್ಟು ತಿಂಗಳ ವ್ಯಾಲಿಡಿಟಿ? ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಓಡುತ್ತಾ, ಫೋನಿನಲ್ಲೂ ಓಡುತ್ತಾ? ಪೂರ್ತಿ ಆನ್‌ಲೈನ್ ಆಗಿದ್ದರೆ ಜುಲೈ ಮಳೆಗೆ ಕರೆಂಟು ಹೋಗಿ, ಅದರ ಹಿಂದೆಯೇ ನೆಟ್ಟೂ ಹೋದಾಗ ಏನು ಮಾಡುತ್ತೀರಿ? ಬೈಂದೂರು, ಕಾರ್ಕಳದ ಒಳಗಿನ ಊರುಗಳವರಿಗೆ ಇದು ಸಣ್ಣ ಪ್ರಶ್ನೆ ಅಲ್ಲ. ಡೌನ್‌ಲೋಡ್ ಮಾಡಿಕೊಂಡು ಆಫ್‌ಲೈನ್ ನೋಡುವ ಅವಕಾಶ ಇರುವುದನ್ನೇ ತಗೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ, ಪಾಠ ಯಾವ ಪರೀಕ್ಷೆಗೆಂದು ರೆಕಾರ್ಡ್ ಆಗಿದೆ, ತಿದ್ದುಪಡಿಗಳನ್ನು ಬೇರೆಯಾಗಿ ಕೊಡುತ್ತಾರಾ ಅಂತ ಕೇಳಿ. ಗೆಳೆಯರ ಹಳೆಯ ಪೆನ್‌ಡ್ರೈವ್ ಇಸ್ಕೊಂಡು ಓದುವುದು ಬೇಡ. ಆಡಿಟ್‌ನಲ್ಲಿ ವರದಿಯ ನಿಯಮವೋ ಎಥಿಕ್ಸ್‌ನ ಮಿತಿಯೋ ಬದಲಾಗಿದ್ದರೆ ನೀವು ಚಂದ ಮಾಡಿ ತಪ್ಪು ಉತ್ತರ ಬರೆಯುತ್ತೀರಿ.

ಭಾಷೆಯ ವಿಷಯ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತೇನೆ. ಹೆಸರುವಾಸಿ ಕ್ಲಾಸ್‌ಗಳಲ್ಲಿ ಹೆಚ್ಚಿನವು ಹಿಂದಿ, ಇಂಗ್ಲಿಷ್ ಬೆರೆಸಿದವು. ಮನೆಯಲ್ಲಿ ತುಳು ಅಥವಾ ಕೊಂಕಣಿ, ಶಾಲೆಯಲ್ಲಿ ಕನ್ನಡ, ಪರೀಕ್ಷೆಯಲ್ಲಿ ಇಂಗ್ಲಿಷ್. ಇದರ ನಡುವೆ ಪಾಠ ಹಿಂದಿಯಲ್ಲಿ. ಜೋಕು ಅರ್ಥವಾಗುತ್ತದೆ, ತರ್ಕವೂ ಅರ್ಥವಾಗುತ್ತದೆ. ಉತ್ತರ ಬರೆಯುವಾಗ ವಾಕ್ಯ ಮಾತ್ರ ಹೊಳೆಯುವುದಿಲ್ಲ. ಫೈನಲ್ ಅನ್ನು ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ ಬರೆಯಬೇಕು, ಕನ್ನಡದಲ್ಲಿ ಅವಕಾಶ ಇಲ್ಲ. ಲೆಕ್ಕದ ಪೇಪರ್‌ನಲ್ಲಿ ಅಂಕಿಗಳು ನಿಮ್ಮನ್ನು ದಾಟಿಸುತ್ತವೆ. ಆಡಿಟ್‌ನಲ್ಲಿ ವಾಕ್ಯ ಬಿಟ್ಟರೆ ಬೇರೇನೂ ಇಲ್ಲ. ಕನ್ನಡ ಮಾಧ್ಯಮದಿಂದ ಬಂದವರು ಪೂರ್ತಿ ಇಂಗ್ಲಿಷ್ ಬ್ಯಾಚ್ ಹುಡುಕಿ. ಮೇಷ್ಟ್ರು ಸ್ವಲ್ಪ ಕಡಿಮೆ ಹೆಸರಿನವರಾದರೂ ಪರವಾಗಿಲ್ಲ. ಒಂದು ಡೆಮೊ ನೋಡಿ, ಅದರಲ್ಲಿ ಕೇಳಿದ್ದನ್ನು ಐದು ಇಂಗ್ಲಿಷ್ ವಾಕ್ಯದಲ್ಲಿ ಬರೆಯಲು ಆಗುತ್ತದಾ ಅಂತ ಪರೀಕ್ಷೆ ಮಾಡಿಕೊಳ್ಳಿ. ಆಗದಿದ್ದರೆ ಆ ಕ್ಲಾಸ್ ನಿಮಗಲ್ಲ.

ಬೆಂಗಳೂರಿಗೆ ಹೋಗಿ ಕೂರುವುದು

ಆಡಿಟ್ ಒಂದಕ್ಕಾಗಿ ಬೇಡವೇ ಬೇಡ. ಪೀಜಿ ಬಾಡಿಗೆ, ಊಟ, ಓಡಾಟ ಸೇರಿದರೆ ಕ್ಲಾಸಿನ ಫೀಸು ಏನೂ ಅಲ್ಲ ಅನ್ನಿಸುತ್ತದೆ. ಉಳಿದ ಪೇಪರ್‌ಗಳಿಗೆ ಹೇಗೂ ಹೋಗುತ್ತಿದ್ದರೆ ಆಡಿಟನ್ನೂ ಸೇರಿಸಿಕೊಳ್ಳಿ, ಅಷ್ಟೇ. ಮನೆಯಲ್ಲಿ ಓದಲು ಜಾಗವೇ ಇಲ್ಲ, ಮದುವೆ, ಕೋಲ, ನೇಮ ಅಂತ ವಾರಕ್ಕೊಂದು ಕರೆ ಬರುತ್ತದೆ ಅನ್ನುವವರ ಕಥೆ ಬೇರೆ. ಅಂಥವರಿಗೆ ಘಟ್ಟ ಹತ್ತುವುದೇ ಒಳ್ಳೆಯದು.

ಇನ್‌ಸ್ಟಿಟ್ಯೂಟ್‌ನ ಮೆಟೀರಿಯಲ್ ಇಟ್ಟುಕೊಂಡು ಸ್ವಂತ ಓದು

ಇದನ್ನು ನಮ್ಮವರು ತುಂಬಾ ಕಡಿಮೆ ಅಂದಾಜು ಮಾಡುತ್ತಾರೆ. ಸಿಎ ಪರೀಕ್ಷೆ ನಡೆಸುವ ಇನ್‌ಸ್ಟಿಟ್ಯೂಟ್ ಐಸಿಎಐಯ ಸ್ಟಡಿ ಮೆಟೀರಿಯಲ್, ಪ್ರತಿ ಪರೀಕ್ಷೆಗೆ ರಿವಿಷನ್ ಟೆಸ್ಟ್ ಪೇಪರ್, ಮಾಕ್ ಟೆಸ್ಟ್ ಪೇಪರ್, ಹಿಂದಿನ ಪ್ರಶ್ನೆಗಳಿಗೆ ಸಜೆಸ್ಟೆಡ್ ಆನ್ಸರ್, ಬಹು ಆಯ್ಕೆ ಪ್ರಶ್ನೆಗಳ ಕಿರುಪುಸ್ತಕ, ಇಷ್ಟೂ ಅವರ ವೆಬ್‌ಸೈಟಿನಲ್ಲಿ ಪುಕ್ಕಟೆ. ಇದರ ಮೇಲೆ ಬೋರ್ಡ್ ಆಫ್ ಸ್ಟಡೀಸ್‌ನ ಲೈವ್ ಕೋಚಿಂಗ್ ಕ್ಲಾಸ್‌ಗಳೂ ಪುಕ್ಕಟೆ. ಪುಕ್ಕಟೆ ಅನ್ನುವ ಕಾರಣಕ್ಕೇ ಯಾರೂ ನೋಡುವುದಿಲ್ಲ ಅಂತ ನನಗೆ ಗುಮಾನಿ.

ಮೆಟೀರಿಯಲ್ ಓದಲು ಬೇಸರ ಅನ್ನುವುದು ನಿಜ. ವಾಕ್ಯಗಳು ಉದ್ದ, ಒಂದೇ ಮಾತು ಎರಡು ಕಡೆ ಬರುತ್ತದೆ. ಕೋಚಿಂಗ್ ನೋಟ್ಸ್ ಅದನ್ನೇ ಬಣ್ಣದ ಬಾಕ್ಸ್‌ನಲ್ಲಿ, ಚಾರ್ಟಿನಲ್ಲಿ, ನೆನಪಿಟ್ಟುಕೊಳ್ಳುವ ಅಕ್ಷರಗಳ ಸಾಲಿನಲ್ಲಿ ಕೊಡುತ್ತದೆ. ಅಷ್ಟಿದ್ದರೂ ಎರಡರಲ್ಲಿ ಒಂದೇ ತಗೊಳ್ಳಬೇಕು ಅಂದರೆ ನಾನು ಮೆಟೀರಿಯಲ್ಲನ್ನೇ ಆರಿಸುತ್ತೇನೆ. ಮೌಲ್ಯಮಾಪಕರ ಮುಂದೆ ಇರುವ ಮಾದರಿ ಉತ್ತರ ಆ ಭಾಷೆಯಲ್ಲೇ ಇರುತ್ತದೆ. 'ಸಫಿಷಿಯೆಂಟ್ ಅಪ್ರೋಪ್ರಿಯೆಟ್ ಆಡಿಟ್ ಎವಿಡೆನ್ಸ್' ಎನ್ನಬೇಕಾದಲ್ಲಿ 'ಗುಡ್ ಪ್ರೂಫ್' ಅಂತ ಬರೆದರೆ ವಿಷಯ ಸರಿಯಿದ್ದರೂ ಅಂಕ ಕಡಿತ ಆಗುತ್ತದೆ. ಚಾರ್ಟ್ ಪುಸ್ತಕ ಕೊನೆಯ ಹದಿನೈದು ದಿನಕ್ಕೆ ಒಳ್ಳೆಯದು. ಮೊದಲ ಓದಿಗೇ ಅದನ್ನು ಹಿಡಿದವರ ಉತ್ತರಗಳಲ್ಲಿ ತಲೆಬರಹ ಇರುತ್ತದೆ, ಹೊಟ್ಟೆ ಇರುವುದಿಲ್ಲ.

ಸ್ವಂತ ಓದಿಗೆ ಕರಾವಳಿಯಲ್ಲಿ ಆರ್ಟಿಕಲ್‌ಶಿಪ್ (ಸಿಎ ಆಫೀಸಿನಲ್ಲಿ ಕಡ್ಡಾಯ ತರಬೇತಿ) ಮಾಡಿದವರ ಹತ್ತಿರ ಒಂದು ಆಸ್ತಿ ಇದೆ. ಅದರ ಬೆಲೆ ಅವರಿಗೇ ಗೊತ್ತಿಲ್ಲ. ಕೆನರಾ (1906), ಕಾರ್ಪೊರೇಷನ್ (1906), ಕರ್ಣಾಟಕ (1924), ಸಿಂಡಿಕೇಟ್ (1925), ವಿಜಯಾ (1931) – ಐದು ಬ್ಯಾಂಕ್ ಹುಟ್ಟಿದ ನೆಲ ಇದು. ಅವುಗಳಲ್ಲಿ ಮೂರು 2019, 2020ರಲ್ಲಿ ಬೇರೆ ಬ್ಯಾಂಕ್‌ಗಳಲ್ಲಿ ಸೇರಿಹೋದವು ಬಿಡಿ. ಆದರೆ ಏಪ್ರಿಲ್ ಬಂತೆಂದರೆ ಇಲ್ಲಿನ ಆಫೀಸುಗಳ ಆರ್ಟಿಕಲ್‌ಗಳು ಬ್ರಾಂಚ್ ಆಡಿಟ್‌ಗೆ ಹೊರಡುವುದು ನಿಂತಿಲ್ಲ. 90 ದಿನ ಬಾಕಿ ಬಿದ್ದ ಸಾಲ ಯಾವಾಗ ಎನ್‌ಪಿಎ (ಕೆಟ್ಟ ಸಾಲ) ಆಗುತ್ತದೆ, ಲಾಂಗ್ ಫಾರ್ಮ್ ಆಡಿಟ್ ರಿಪೋರ್ಟ್‌ನಲ್ಲಿ ಏನೇನು ಕೇಳುತ್ತಾರೆ, ಮಾರ್ಚ್ ಕೊನೆಯ ವಾರದಲ್ಲಿ ಖಾತೆಗೆ ದುಡ್ಡು ಬಂದು ಏಪ್ರಿಲ್‌ನಲ್ಲಿ ಹೊರಟುಹೋಗುವುದು ಯಾಕೆ, ಇದೆಲ್ಲ ಕಣ್ಣಾರೆ ನೋಡಿದ್ದೀರಿ. ಬ್ಯಾಂಕ್ ಆಡಿಟ್ ಅಧ್ಯಾಯಕ್ಕೆ ಕ್ಲಾಸ್ ನೋಡುವ ಬದಲು ಆ ದಿನಗಳ ವರ್ಕಿಂಗ್ ಪೇಪರ್ ನೆನಪು ಮಾಡಿಕೊಂಡು ಓದಿ. ಬೇಗ ತಲೆಗೆ ಹೋಗುತ್ತದೆ.

ಸರ್ಕಾರಿ ಕಂಪನಿಗಳ ಆಡಿಟ್ ಓದುವಾಗ ಮಂಗಳೂರಿನ ತೈಲ ಶುದ್ಧೀಕರಣ ಕಂಪನಿ ಎಂಆರ್‌ಪಿಎಲ್ ಅನ್ನು ಉದಾಹರಣೆಗೆ ಇಟ್ಟುಕೊಳ್ಳಿ. ಅದು ಕೇಂದ್ರ ಸರ್ಕಾರದ ತೈಲ ಕಂಪನಿ ಒಎನ್‌ಜಿಸಿಯ ಅಂಗಸಂಸ್ಥೆ, ಹಾಗಾಗಿ ಅದೂ ಸರ್ಕಾರಿ ಕಂಪನಿಯೇ. ಆಡಿಟರ್‌ನನ್ನು ನೇಮಿಸುವುದು ಕಂಪನಿ ಕಾಯ್ದೆಯ ಸೆಕ್ಷನ್ 139(5)ರ ಪ್ರಕಾರ ಸಿಎಜಿ, ಅಂದರೆ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರು. ಅದರ ಮೇಲೆ 143(6)ರ ಸಪ್ಲಿಮೆಂಟರಿ ಆಡಿಟ್. ಇತ್ತ ಒಎನ್‌ಜಿಸಿಯ ಆಡಿಟರ್ ಕಡೆಯಿಂದ ನೋಡಿದರೆ ಎಂಆರ್‌ಪಿಎಲ್ ಒಂದು ಕಾಂಪೊನೆಂಟ್ (ಗುಂಪಿನ ಒಂದು ಭಾಗ), ಅಂದರೆ ಬೇರೆ ಆಡಿಟರ್‌ನ ಕೆಲಸ ಬಳಸುವ ಬಗ್ಗೆ ಇರುವ ಸ್ಟ್ಯಾಂಡರ್ಡ್ ಆನ್ ಆಡಿಟಿಂಗ್, ಎಸ್‌ಎ 600 ಬಂತು. ಸುರತ್ಕಲ್ ದಾರಿಯಲ್ಲಿ ದಿನಾ ಕಾಣುವ ಒಂದೇ ಕಂಪನಿಯಲ್ಲಿ ಎರಡು ಅಧ್ಯಾಯ.

ಈಗ ಉತ್ತರದ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಮಾರಾಯ್ರೆ, ಅಂಕ ಇರುವುದೇ ಇಲ್ಲಿ. ಪ್ರಶ್ನೆ ಹೀಗಿದೆ ಅಂತಿಟ್ಟುಕೊಳ್ಳಿ: ಕಾರ್ಕಳದ ಒಂದು ಗೇರುಬೀಜ ಕಾರ್ಖಾನೆ. ಮಾರ್ಚ್ 31ರ ಸ್ಟಾಕ್ ಎಣಿಕೆಗೆ ಆಡಿಟರ್ ಹೋಗಬೇಕಿತ್ತು. ದಿಢೀರ್ ಆಸ್ಪತ್ರೆ ಸೇರಿದ್ದರಿಂದ ಆಗಲಿಲ್ಲ. ಸ್ಟಾಕಿನ ಮೊತ್ತ ದೊಡ್ಡದು. ಮ್ಯಾನೇಜ್‌ಮೆಂಟ್ ತಾನು ಎಣಿಸಿದ ಪಟ್ಟಿ ಕೊಟ್ಟು, ಇದನ್ನೇ ಒಪ್ಪಿಕೊಳ್ಳಿ ಅನ್ನುತ್ತದೆ. ಆಡಿಟರ್ ಏನು ಮಾಡಬೇಕು?

ಒಬ್ಬ ವಿದ್ಯಾರ್ಥಿ ಎಸ್‌ಎ 501ರಲ್ಲಿ ಇನ್ವೆಂಟರಿ ಬಗ್ಗೆ ಗೊತ್ತಿರುವುದನ್ನೆಲ್ಲ ಒಂದೂವರೆ ಪುಟ ಬರೆಯುತ್ತಾನೆ. ಗೇರುಬೀಜ, ಆಸ್ಪತ್ರೆ, ಪಟ್ಟಿ, ಯಾವುದರ ಸುದ್ದಿಯೂ ಇಲ್ಲ. ಇನ್ನೊಬ್ಬಳು ಮುಕ್ಕಾಲು ಪುಟ ಬರೆಯುತ್ತಾಳೆ. ಮೊದಲು ನಿಯಮ: ಇನ್ವೆಂಟರಿ, ಅಂದರೆ ಸ್ಟಾಕ್, ಲೆಕ್ಕಕ್ಕೆ ಮುಖ್ಯವಾಗುವಷ್ಟು ದೊಡ್ಡದಾಗಿದ್ದರೆ (ಮೆಟೀರಿಯಲ್), ತೀರಾ ಅಸಾಧ್ಯವಾದ ಸಂದರ್ಭ ಬಿಟ್ಟು ಎಣಿಕೆಗೆ ಹಾಜರಿರಬೇಕು. ಅನಿರೀಕ್ಷಿತ ಕಾರಣದಿಂದ ಆಗದಿದ್ದರೆ ಬೇರೆ ದಿನ ಕೆಲವು ಎಣಿಕೆ ತಾನೇ ಮಾಡಬೇಕು ಅಥವಾ ನಿಂತು ನೋಡಬೇಕು, ನಡುವಿನ ದಿನಗಳ ವಹಿವಾಟನ್ನು ಪರೀಕ್ಷಿಸಬೇಕು. ಆಮೇಲೆ ಸಂಗತಿ: ಆಸ್ಪತ್ರೆ ಸೇರಿದ್ದು ಅನಿರೀಕ್ಷಿತ ಕಾರಣ, ಹಾಗಾಗಿ ಈ ನಿಯಮ ಇಲ್ಲಿಗೆ ಅನ್ವಯ. ಏಪ್ರಿಲ್‌ನಲ್ಲಿ ಎಣಿಸಿ, ಆ ನಡುವೆ ಒಳಗೆ ಬಂದ ಕಚ್ಚಾ ಬೀಜ, ಹೊರಗೆ ಹೋದ ತಿರುಳು ಎರಡನ್ನೂ ಹಿಂದಕ್ಕೆ ಲೆಕ್ಕ ಹಾಕಬೇಕು. ಮ್ಯಾನೇಜ್‌ಮೆಂಟಿನ ಪಟ್ಟಿ ಒಂದೇ ಸಾಲದು. ಕೊನೆಗೆ ತೀರ್ಮಾನ: ಬೇರೆ ವಿಧಾನದಿಂದಲೂ ಸಾಕಷ್ಟು ಸಾಕ್ಷ್ಯ ಸಿಗದಿದ್ದರೆ ಎಸ್‌ಎ 705ರಂತೆ ಆಡಿಟ್ ವರದಿಯ ಅಭಿಪ್ರಾಯ ಬದಲಿಸಬೇಕು. ಕಡಿಮೆ ಬರೆದವಳಿಗೇ ಜಾಸ್ತಿ ಅಂಕ. ಮಲ್ಪೆಯ ಮೀನು ಕಂಪನಿ ತನ್ನ ಸ್ಟಾಕನ್ನು ಬೇರೆಯವರ ಕೋಲ್ಡ್ ಸ್ಟೋರೇಜ್‌ನಲ್ಲಿ ಇಟ್ಟಿದೆ ಅಂತ ಪ್ರಶ್ನೆ ತಿರುಗಿಸಿ. ಅದೇ ಎಸ್‌ಎ 501ರಲ್ಲಿ ಉತ್ತರ ಬದಲಾಗುತ್ತದೆ: ಮೂರನೆಯವರಿಂದ ಕನ್ಫರ್ಮೇಷನ್ ಪಡೆಯಬೇಕು, ಅಥವಾ ಹೋಗಿ ನೋಡಬೇಕು, ಬೇಕಾದರೆ ಎರಡನ್ನೂ ಮಾಡಬೇಕು. ಹೀಗೆ ಪ್ರಶ್ನೆ ತಿರುಗಿಸಿ ಬರೆಯುವ ಅಭ್ಯಾಸವನ್ನು ಕ್ಲಾಸ್ ಕೊಡುವುದಾದರೆ ಕ್ಲಾಸ್ ತಗೊಳ್ಳಿ. ಕೊಡದಿದ್ದರೆ ಮನೆಯಲ್ಲೇ ಕೂತು ಮಾಡಿ.

ಯಾವುದನ್ನು ಮೊದಲು ಓದುವುದು

ಇಲ್ಲಿ ಎರಡು ಪಂಥ. ಒಂದು, ಸ್ಟ್ಯಾಂಡರ್ಡ್ಸ್ ಆನ್ ಆಡಿಟಿಂಗ್ ಮೊದಲು ಅನ್ನುವವರು. ಇನ್ನೊಂದು, ಎಥಿಕ್ಸ್ ಮೊದಲು ಅನ್ನುವವರು. ನಾನು ಎರಡನೆಯ ಕಡೆ. ಸಿಎಗಳ ವೃತ್ತಿಯ ತಪ್ಪುಗಳನ್ನು ಪಟ್ಟಿ ಮಾಡುವ, 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಎರಡು ಶೆಡ್ಯೂಲ್‌ಗಳ ಪ್ರಶ್ನೆ ಪ್ರತಿ ಸಲ ಬರುತ್ತದೆ. ಉತ್ತರದ ಚೌಕಟ್ಟು ಒಂದೇ: ಕ್ಲಾಜ್ ಏನು ಹೇಳುತ್ತದೆ, ಇಲ್ಲಿ ಏನಾಯಿತು, ಆತ ತಪ್ಪಿತಸ್ಥನಾ ಅಲ್ವಾ. ಬರವಣಿಗೆ ಕಲಿಯಲು ಇದಕ್ಕಿಂತ ಸುಲಭದ ಜಾಗ ಇಲ್ಲ. ಹಿಂದಿನ ಆಡಿಟರ್‌ಗೆ ಪತ್ರ ಬರೆಯದೆ ಕೆಲಸ ಒಪ್ಪಿಕೊಂಡರೆ ಮೊದಲ ಶೆಡ್ಯೂಲ್, ಒಂದನೇ ಭಾಗ, ಕ್ಲಾಜ್ 8. ಕ್ಲೈಂಟ್ ಗುಟ್ಟು ಹೊರಗೆ ಹೇಳಿದರೆ ಎರಡನೇ ಶೆಡ್ಯೂಲ್, ಒಂದನೇ ಭಾಗ, ಕ್ಲಾಜ್ 1. ಮೊದಲ ಶೆಡ್ಯೂಲಿನ ಒಂದನೇ ಭಾಗದಲ್ಲಿ 12 ಕ್ಲಾಜ್, ಎರಡನೆಯದರ ಒಂದನೇ ಭಾಗದಲ್ಲಿ 10. ಈ 22 ನಂಬರ್ ಸಮೇತ ಬಾಯಿಗೆ ಬರಬೇಕು. ನಂಬರ್ ಅನುಮಾನ ಇದ್ದರೆ ಬರೆಯಬೇಡಿ, ವಿಷಯ ಬರೆಯಿರಿ. ತಪ್ಪು ನಂಬರ್ ನೋಡಿದ ಮೌಲ್ಯಮಾಪಕರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಎಥಿಕ್ಸ್ ಆದಮೇಲೆ ವರದಿಯ ಸ್ಟ್ಯಾಂಡರ್ಡ್‌ಗಳು: 700, 701, 705, 706. ಆಮೇಲೆ 570 (ಕಂಪನಿ ಮುಂದುವರಿಯುತ್ತದಾ ಅನ್ನುವುದು), 560 (ವರ್ಷ ಮುಗಿದ ಮೇಲಿನ ಘಟನೆಗಳು), 240 (ವಂಚನೆ), 315 (ಅಪಾಯ ಗುರುತಿಸುವುದು). 2020ರ ಕಾರೋದಲ್ಲಿ (ಕಂಪನಿ ಆಡಿಟರ್ ವರದಿಯಲ್ಲಿ ಏನೇನು ಹೇಳಬೇಕು ಅನ್ನುವ ಸರ್ಕಾರಿ ಆದೇಶ) 21 ಕ್ಲಾಜ್. ಅದನ್ನು ಯಾವುದಾದರೂ ಲಿಸ್ಟೆಡ್ ಕಂಪನಿಯ ವಾರ್ಷಿಕ ವರದಿ ತೆರೆದು, ಆಡಿಟರ್ ನಿಜವಾಗಿ ಬರೆದದ್ದರ ಜೊತೆ ಇಟ್ಟು ಓದಿ. ಡಿಜಿಟಲ್ ಆಡಿಟಿಂಗ್, ಸಸ್ಟೇನಬಿಲಿಟಿ, ಫೊರೆನ್ಸಿಕ್ – ಈ ಹೊಸ ಅಧ್ಯಾಯಗಳನ್ನು ಕೊನೆಗೆ ಇಟ್ಟುಕೊಳ್ಳಬಹುದು. ಬಿಡಬೇಡಿ ಮಾತ್ರ.

ಟೆಸ್ಟ್ ಸೀರೀಸ್

ದುಡ್ಡು ಖರ್ಚು ಮಾಡುವುದಿದ್ದರೆ ಇಲ್ಲಿ ಮಾಡಿ. ಸ್ವಂತ ಓದು ಮತ್ತು ಒಳ್ಳೆಯ ಟೆಸ್ಟ್ ಸೀರೀಸ್, ಇದಕ್ಕೆ ನನ್ನ ಮೊದಲ ಮತ. ರೆಕಾರ್ಡೆಡ್ ಕ್ಲಾಸ್ ಇದ್ದು ಟೆಸ್ಟ್ ಇಲ್ಲದ ದಾರಿ ಕೊನೆಯದು.

ಖಾಸಗಿ ಸೀರೀಸ್‌ಗಳಲ್ಲಿ ನೋಡಬೇಕಾದ್ದು ತಿದ್ದಿದ ಉತ್ತರ ಪತ್ರಿಕೆಯ ಮಾದರಿ. 'ಗುಡ್', 'ಇಂಪ್ರೂವ್ ಪ್ರೆಸೆಂಟೇಷನ್' ಅಂತ ಮಾತ್ರ ಬರೆದು ಕಳಿಸುವವರಿಗೆ ಯಾಕೆ ದುಡ್ಡು ಕೊಡಬೇಕು? ಯಾವ ವಾಕ್ಯಕ್ಕೆ ಅಂಕ ಹೋಯಿತು ಅಂತ ಗೊತ್ತಾಗಬೇಕು. ಅಷ್ಟು ಸಿಗದಿದ್ದರೆ ಇನ್‌ಸ್ಟಿಟ್ಯೂಟ್‌ನ ಮಾಕ್ ಪೇಪರ್ ತಗೊಂಡು, ಗಡಿಯಾರ ಇಟ್ಟು ಬರೆದು, ಜೊತೆಯವರೊಂದಿಗೆ ಪತ್ರಿಕೆ ಅದಲು ಬದಲು ಮಾಡಿ, ಇನ್‌ಸ್ಟಿಟ್ಯೂಟ್‌ನದೇ ಮಾದರಿ ಉತ್ತರ ಇಟ್ಟುಕೊಂಡು ತಿದ್ದಿ. ಬೇರೆಯವರ ಉತ್ತರ ತಿದ್ದುವಾಗ ನಿಮ್ಮ ಉತ್ತರದ ಕೊರತೆ ಕಾಣುತ್ತದೆ. ಮಂಗಳೂರು, ಉಡುಪಿ ಎರಡೂ ಕಡೆ ಐಸಿಎಐ ಶಾಖೆ ಇದೆ. ಮಾಕ್ ಟೆಸ್ಟ್ ಯಾವಾಗ ನಡೆಸುತ್ತಾರೆ ಅಂತ ಕೇಳಿಕೊಳ್ಳಿ. ನಾಲ್ಕು ಜನರ ನಡುವೆ ಕೂತು ಮೂರು ಗಂಟೆ ಬರೆಯುವುದೇ ಬೇರೆ.

ಬಹು ಆಯ್ಕೆ ಪ್ರಶ್ನೆಗಳನ್ನು ಬೇರೆ ಓದು ಅಂತ ನೋಡಬೇಡಿ. ಅವೂ ಒಂದು ಸಣ್ಣ ಕಥೆ ಕೊಟ್ಟು ಕೇಳುವಂಥವು, ಎರಡು ಆಯ್ಕೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಅಧ್ಯಾಯ ಮುಗಿದ ದಿನವೇ ಅದರ ಪ್ರಶ್ನೆ ಬಿಡಿಸಿ. ಕೊನೆಗೆ ಒಟ್ಟಿಗೆ ಮಾಡುತ್ತೇನೆ ಅಂದವರು ಮಾಡಿದ್ದು ನಾನು ನೋಡಿಲ್ಲ.

ಮನೆಯಲ್ಲಿ ಕೂರುವುದಾ, ಕೆಲಸ ಮಾಡುತ್ತಾ ಓದುವುದಾ

ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್ ಎರಡು ವರ್ಷ. ಅದು ಮುಗಿದು ಆರು ತಿಂಗಳ ನಂತರ ಫೈನಲ್ ಬರೆಯಬಹುದು. ಆ ಆರು ತಿಂಗಳು ಓದಿಗೆಂದೇ ಕೊಟ್ಟದ್ದು. ಮನೆ ಪರಿಸ್ಥಿತಿ ಒಪ್ಪಿದರೆ ಆ ಸಮಯದಲ್ಲಿ ಕೆಲಸ ಹಿಡಿಯಬೇಡಿ. ಹಿಡಿಯಲೇಬೇಕಾದರೆ ಯಾವ ಪರೀಕ್ಷೆ ಅನ್ನುವುದನ್ನು ಆಫೀಸಿನ ಕ್ಯಾಲೆಂಡರ್ ನೋಡಿ ತೀರ್ಮಾನಿಸಿ. 2025ರಲ್ಲಿ ಫೈನಲ್‌ಗೆ ವರ್ಷಕ್ಕೆ ಮೂರು ಅವಕಾಶ ಬಂತು: ಜನವರಿ, ಮೇ, ಸೆಪ್ಟೆಂಬರ್. ಮೇಯಲ್ಲಿ ಬರೆಯುವವರಿಗೆ ಏಪ್ರಿಲ್‌ನ ಬ್ಯಾಂಕ್ ಆಡಿಟ್ ಅಡ್ಡ ಬರುತ್ತದೆ. ಸೆಪ್ಟೆಂಬರ್‌ನವರಿಗೆ ಜುಲೈನ ರಿಟರ್ನ್ಸ್, ಅದರ ಬೆನ್ನಿಗೇ ಟ್ಯಾಕ್ಸ್ ಆಡಿಟ್. ಕೆಲಸ ಮಾಡುವವರಿಗೆ ಜನವರಿಯೇ ಸ್ವಲ್ಪ ವಾಸಿ. ನಡುವೆ ದಸರಾ, ದೀಪಾವಳಿ ಇದ್ದರೂ ರಜೆ ಕೇಳಿದರೆ ಬಾಸ್ ಮುಖ ಗಂಟು ಹಾಕುವುದು ಕಡಿಮೆ. ರಜೆಯ ಮಾತು ಮೊದಲೇ ಆಡಿ, ಪರೀಕ್ಷೆ ಫಾರ್ಮ್ ತುಂಬಿದ ಮೇಲಲ್ಲ.

ಒಂದೇ ಗ್ರೂಪಾ, ಎರಡೂ ಗ್ರೂಪಾ ಅನ್ನುವುದಕ್ಕೆ ಆಡಿಟ್ ಕಡೆಯಿಂದ ಹೇಳಬೇಕಾದ್ದು ಸ್ವಲ್ಪವೇ: ಎರಡೂ ಬರೆಯುವವರು ಆಡಿಟನ್ನು ಕೊನೆಗೆ ತಳ್ಳುತ್ತಾರೆ. ಹಾಗೆ ತಳ್ಳುವ ಜಾತಿ ನೀವಾದರೆ ಒಂದೇ ಗ್ರೂಪ್ ಬರೆಯಿರಿ.

ಇನ್ನೊಂದು ವಿಷಯ, ಯಾವ ದಾರಿ ಹಿಡಿದರೂ. ಫೈನಲ್‌ನ ಆಡಿಟ್ ಪರೀಕ್ಷೆ ಮಧ್ಯಾಹ್ನ 2ರಿಂದ 5. ಅದಕ್ಕೂ ಮುಂಚೆ ಪ್ರಶ್ನೆ ಪತ್ರಿಕೆ ಓದಲು 15 ನಿಮಿಷ. ಬೆಳಗಿನ ಜಾವ ಎದ್ದು ಓದುವ ನಮ್ಮ ಮಕ್ಕಳು ಕುಚ್ಚಲಕ್ಕಿ ಊಟ ಮಾಡಿ ಅದೇ ಹೊತ್ತಿಗೆ ಮಲಗಿ ರೂಢಿ. ಮಾಕ್ ಪೇಪರ್‌ಗಳನ್ನು ಮಧ್ಯಾಹ್ನ 2 ಗಂಟೆಗೇ ಬರೆಯಿರಿ. ಪರೀಕ್ಷೆಯ ದಿನ ಏನು ಉಣ್ಣುತ್ತೀರೋ ಅದನ್ನೇ ಉಂಡು ಬರೆಯಿರಿ.